ಮಾರ್ಕೊ ಪೋಲೋನ ನೆರಳಿನಲ್ಲಿ ಮರೆಯಾದ ಸಾಕ್ಷಿಗಳನ್ನು ಕನ್ನಡಕ್ಕೆ ತನ್ನಿ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ, ಮಂಗೋಲ್ ಸಾಮ್ರಾಜ್ಯವನ್ನು ಕುರಿತ ಲೇಖನವನ್ನು ಗಮನವಿಟ್ಟು ಓದಿದೆ. ಸಂಘಸಂಸ್ಥೆಗಳ ಸುದ್ದಿ, ರಾಜಕೀಯ, ಸಿನಿಮಾಗಳಿಗೇ ಜಾಗ ಸಾಲದಿರುವಾಗ ಮುಂಬಯಿಯ ಕನ್ನಡ ಪತ್ರಿಕೆಯೊಂದು ಏಳೆಂಟು ನೂರು ವರ್ಷಗಳ ಹಿಂದಿನ ವಿಷಯಕ್ಕೆ ಇಡೀ ಪುಟವನ್ನು ಬಿಟ್ಟುಕೊಟ್ಟದ್ದಕ್ಕೆ ಮೊದಲು ನನ್ನ ಅಭಿನಂದನೆ. ಆದರೆ ಮಂಗೋಲರ ನಾಡನ್ನು ಕಂಡು ಬಂದು ಬರೆದ ಮೊದಲ ಯುರೋಪಿಯನ್ ಮಾರ್ಕೊ ಪೋಲೋ ಎಂದು ಆ ಲೇಖನದಲ್ಲಿ ಬಂದಿರುವ ಮಾತು ಸರಿಯಲ್ಲ. ಪೋಲೋ ವೆನಿಸ್ ಬಿಟ್ಟು ಹೊರಟದ್ದು 1271ರಲ್ಲಿ. ಅದಕ್ಕೂ ಕಾಲು ಶತಮಾನ ಮೊದಲು, 1246ರ ಆಗಸ್ಟ್‌ನಲ್ಲಿ, ಮಂಗೋಲರ ರಾಜಧಾನಿ ಕಾರಕೋರಂ ಬಳಿಯ ಬಿಡಾರದಲ್ಲಿ ಅವರ ಮಹಾಖಾನನಾಗಿ ಗೂಯುಕ್ ಖಾನನ ಪಟ್ಟಾಭಿಷೇಕ ನಡೆದಾಗ ಇಟಲಿಯ ಫ್ರಾನ್ಸಿಸ್ಕನ್ ಪಂಗಡದ ಸಂನ್ಯಾಸಿ ಜಿಯೊವಾನಿ ಕಾರ್ಪಿನಿ ಅಲ್ಲಿದ್ದ. ಅವನು ಊರಿಗೆ ಮರಳಿ, ಕಂಡದ್ದನ್ನೆಲ್ಲ ಬರೆದಿಟ್ಟು, 1252ರಲ್ಲಿ ತೀರಿಕೊಂಡ. ಮಾರ್ಕೊ ಪೋಲೋ ಆಗಿನ್ನೂ ಹುಟ್ಟಿಯೇ ಇರಲಿಲ್ಲ.

ಇದು ಬರೀ ಯಾರು ಮೊದಲು, ಯಾರು ಆಮೇಲೆ ಎಂಬ ತಕರಾರಲ್ಲ. ಪೋಲೋ ಒಬ್ಬನ ಹೆಸರಿನ ನೆರಳಿನಲ್ಲಿ ಕಾರ್ಪಿನಿ, ರೂಬ್ರುಕ್, ಮೊಂತೆಕೊರ್ವಿನೊ, ಓದೊರಿಕ್, ಜೋರ್ದಾನುಸ್ ಮುಂತಾದ ಕ್ರೈಸ್ತ ಸಂನ್ಯಾಸಿಗಳೆಲ್ಲ ಮರೆಯಾಗಿಬಿಟ್ಟಿದ್ದಾರೆ. ಮಂಗೋಲರನ್ನು ಹತ್ತಿರದಿಂದ, ಹಸಿವು ಚಳಿ ಭಯಗಳ ನಡುವೆ, ಬಹುಮಟ್ಟಿಗೆ ನಿಷ್ಠುರವಾಗಿ ಕಂಡವರು ಇವರು. ಇವರಲ್ಲಿ ಕೊನೆಯ ಮೂವರ ಹಾದಿ ನಮ್ಮ ದೇಶದ ಕರಾವಳಿಯನ್ನು ಮುಟ್ಟಿತ್ತು. ಅದರಲ್ಲೂ ಇಬ್ಬರು ನಾನು ಈ ಪತ್ರ ಬರೆಯುತ್ತಿರುವ ಥಾಣೆಯಲ್ಲೇ ಇಳಿದವರು. ಅವರ ಬರಹಗಳು ಪೂರ್ತಿಯಾಗಿ, ಕತ್ತರಿ ಆಡಿಸದೆ, ಕನ್ನಡ ಓದುಗರಿಗೆ ಸಿಗಬೇಕೆಂಬ ಕೋರಿಕೆಯೇ ಈ ಪತ್ರದ ಉದ್ದೇಶ.

ಮೊದಲಿಗೆ ಇವರು ಹೊರಟ ಸಂದರ್ಭವನ್ನು ನೆನೆಯಬೇಕು. 1241ರ ಏಪ್ರಿಲ್‌ನಲ್ಲಿ ಎರಡೇ ದಿನಗಳ ಅಂತರದಲ್ಲಿ ಮಂಗೋಲರು ಪೋಲೆಂಡಿನ ಲೆಗ್ನಿತ್ಸಾದಲ್ಲೂ ಹಂಗೇರಿಯ ಮೋಹಿಯಲ್ಲೂ ಯುರೋಪಿನ ಸೈನ್ಯಗಳನ್ನು ನುಚ್ಚುನೂರು ಮಾಡಿದರು. ಆ ವರ್ಷದ ಕೊನೆಗೆ ಮಹಾಖಾನ ಓಗೊದೈ ಸತ್ತ ಮೇಲೆ ಅವರ ಸೈನ್ಯ ಹಂಗೇರಿಯಿಂದ ಹಿಂದಕ್ಕೆ ಸರಿಯಿತು. ಏಕೆ ಬಂದರು, ಏಕೆ ಹೋದರು, ಮತ್ತೆ ಬರುತ್ತಾರೋ ಇಲ್ಲವೋ, ಒಂದೂ ಯುರೋಪಿಗೆ ತಿಳಿಯದು. ಈ ಕತ್ತಲೆಯಲ್ಲಿ ಪೋಪ್ ನಾಲ್ಕನೆಯ ಇನೊಸೆಂಟ್ 1245ರಲ್ಲಿ ಫ್ರಾನ್ಸಿಸ್ಕನ್ ಮತ್ತು ಡೊಮಿನಿಕನ್ ಎಂಬ ಎರಡು ಕ್ಯಾಥೊಲಿಕ್ ಪಂಗಡಗಳ ಸಂನ್ಯಾಸಿಗಳನ್ನು ಬೇರೆ ಬೇರೆ ದಾರಿಗಳಲ್ಲಿ ಮಂಗೋಲರ ಬಳಿಗೆ ಕಳಿಸಿದರು. ಅವರ ಕೈಯಲ್ಲಿದ್ದದ್ದು ಕ್ರೈಸ್ತರನ್ನು ಕೊಲ್ಲುವುದನ್ನು ನಿಲ್ಲಿಸಿ, ಕ್ರೈಸ್ತ ಧರ್ಮವನ್ನು ಒಪ್ಪಿಕೊಳ್ಳಿ ಎಂಬ ಪತ್ರಗಳು. ಕಾರ್ಪಿನಿಯಂಥವರಿಗೆ ಇನ್ನೊಂದು ಕೆಲಸವೂ ಇತ್ತು: ಆ ಜನ ಯಾರು, ಅವರ ಬಲ ಎಷ್ಟು, ಮುಂದಿನ ಯೋಚನೆ ಏನು ಎಂಬುದನ್ನು ನೋಡಿಕೊಂಡು ಬರುವುದು. ಧರ್ಮಪ್ರಚಾರಕರು ಎಂಬ ಒಂದೇ ಹಣೆಪಟ್ಟಿ ಇವರಿಗೆ ಸಾಲುವುದಿಲ್ಲ. ರಾಯಭಾರಿ, ಗೂಢಚಾರ, ಯಾತ್ರಿಕ, ಪಾದ್ರಿ ಎಲ್ಲವೂ ಅವರಲ್ಲಿ ಸೇರಿಕೊಂಡಿತ್ತು.

ಪೋಪರು ಆಗ ತಂಗಿದ್ದ ಲಿಯಾನ್‌ನಿಂದ ಹೊರಟಾಗ ಕಾರ್ಪಿನಿಗೆ ಅರವತ್ತು ದಾಟಿತ್ತು. ಸ್ಥೂಲಕಾಯ ಬೇರೆ. ಪೋಲೆಂಡಿನ ಬೆನೆಡಿಕ್ಟ್ ಎಂಬ ಸಂನ್ಯಾಸಿ ದಾರಿಯಲ್ಲಿ ಅವನಿಗೆ ಜೊತೆಯಾದ. ಮಂಗೋಲರು ಸುಟ್ಟುಹಾಕಿದ್ದ ಕೀವ್ ನಗರದಲ್ಲಿ ಆಗ ಉಳಿದಿದ್ದದ್ದು ಹೆಚ್ಚೆಂದರೆ 200 ಮನೆಗಳು. ಆ ನಾಡಿನ ಬಯಲುಗಳಲ್ಲಿ ಲೆಕ್ಕವಿಲ್ಲದಷ್ಟು ತಲೆಬುರುಡೆ, ಎಲುಬುಗಳು ಬಿದ್ದಿದ್ದವೆಂದು ಅವನು ಬರೆಯುತ್ತಾನೆ. ವೋಲ್ಗಾ ತೀರದಲ್ಲಿದ್ದ ಬಾತು ಖಾನನ ಬಿಡಾರದಿಂದ ಮುಂದಕ್ಕೆ ಸುಮಾರು ಮೂರು ಸಾವಿರ ಮೈಲಿ ದೂರವನ್ನು ಆ ಮುದುಕ 106 ದಿನಗಳಲ್ಲಿ ಕುದುರೆಯ ಮೇಲೆ ಕ್ರಮಿಸಿದ. ಮಂಗೋಲರ ಅಂಚೆಯ ಠಾಣ್ಯಗಳಲ್ಲಿ ದಿನಕ್ಕೆ ಐದರಿಂದ ಏಳು ಸಲ ಕುದುರೆ ಬದಲಾಯಿಸುತ್ತಿದ್ದರು. ಸವಾರಿಯ ಕುಲುಕಾಟ ತಾಳಲೆಂದು ಕಾಲುಗಳಿಗೆ ಬಟ್ಟೆಯ ಪಟ್ಟಿ ಬಿಗಿದುಕೊಂಡಿದ್ದರು. ಉಪವಾಸದ ದಿನಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ನೀರು, ಉಪ್ಪು ಹಾಕಿ ಬೇಯಿಸಿದ ಸಿರಿಧಾನ್ಯ ಮಾತ್ರ. ಕುಡಿಯಲು ಪಾತ್ರೆಯಲ್ಲಿ ಕರಗಿಸಿದ ಹಿಮದ ನೀರು. ಹಿಂದಿರುಗುವಾಗ ಚಳಿಗಾಲ. ರಾತ್ರಿ ಮಲಗಲು ಕಾಲಿನಿಂದ ಹಿಮವನ್ನು ಸರಿಸಿ ಜಾಗ ಮಾಡಿಕೊಳ್ಳಬೇಕಾಗಿತ್ತು. ಬೆಳಗ್ಗೆ ಎದ್ದರೆ ಮೈಮೇಲೆಲ್ಲ ಹಿಮ ಕವಿದಿರುತ್ತಿತ್ತು.

ಇಷ್ಟು ಕಷ್ಟಪಟ್ಟು ಅವನು ತಂದದ್ದು ಗೂಯುಕ್ ಖಾನನ ಉತ್ತರವನ್ನು. ಕ್ರೈಸ್ತನಾಗುವ ಮಾತು ಒತ್ತಟ್ಟಿಗಿರಲಿ, ಪೋಪರು ತಮ್ಮ ರಾಜರನ್ನೆಲ್ಲ ಕರೆದುಕೊಂಡು ಸ್ವತಃ ಬಂದು ಶರಣಾಗಬೇಕು, ಸೂರ್ಯ ಮೂಡುವಲ್ಲಿಂದ ಮುಳುಗುವವರೆಗಿನ ನೆಲವೆಲ್ಲ ದೇವರ ಅಪ್ಪಣೆಯಿಲ್ಲದೆ ನಮ್ಮ ಕೈಸೇರಲು ಸಾಧ್ಯವಿತ್ತೇ ಎಂಬುದು ಆ ಪತ್ರದ ಸಾರ. ಒಂದು ಮೀಟರಿಗೂ ತುಸು ಹೆಚ್ಚು ಉದ್ದವಿರುವ, ಪಾರಸಿಯಲ್ಲಿ ಬರೆದ, ಖಾನನ ಕೆಂಪು ಮುದ್ರೆ ಒತ್ತಿದ ಆ ಮೂಲ ಪತ್ರ 1920ರಲ್ಲಿ ವ್ಯಾಟಿಕನ್ನಿನ ದಫ್ತರಖಾನೆಯಲ್ಲಿ ಸಿಕ್ಕಿತು. ಹೀಗೆ ಒಬ್ಬ ಸಂನ್ಯಾಸಿ ಏಳು ಶತಮಾನಗಳ ಹಿಂದೆ ಹೇಳಿದ್ದ ಮಾತಿಗೆ ಕಾಗದದ ಸಾಕ್ಷಿಯೇ ದೊರೆತಂತಾಯಿತು. ಪೋಲೋನ ಎಷ್ಟೋ ಮಾತುಗಳ ಬಗ್ಗೆ ಇಂದಿಗೂ ವಾದ ನಿಂತಿಲ್ಲವೆಂಬುದನ್ನು ನೆನೆದರೆ ಈ ಸಾಕ್ಷಿಯ ತೂಕ ತಿಳಿಯುತ್ತದೆ.

ಕಾರ್ಪಿನಿಯ ವರದಿಯಲ್ಲಿ ನನಗೆ ಬಹಳ ಮೆಚ್ಚುಗೆಯಾಗುವ ಒಂದು ಭಾಗವಿದೆ. ಅವನ ಜೊತೆಗೆ ತಮ್ಮ ರಾಯಭಾರಿಗಳನ್ನು ಯುರೋಪಿಗೆ ಕಳಿಸುವ ಯೋಚನೆ ಮಂಗೋಲರಿಗಿತ್ತು. ಅವನು ಅದಕ್ಕೆ ಆಸಕ್ತಿ ತೋರಲಿಲ್ಲ. ಕಾರಣಗಳನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ: ಅವರು ಬಂದು ನಮ್ಮ ನಮ್ಮೊಳಗಿನ ಜಗಳ, ಯುದ್ಧಗಳನ್ನು ಕಂಡರೆ ದಂಡೆತ್ತಿ ಬರಲು ಅವರಿಗೆ ಇನ್ನಷ್ಟು ಹುರುಪು ಬರುತ್ತದೆ, ಅವರು ಗೂಢಚಾರರೂ ಆಗಿರಬಹುದು, ದಾರಿಯಲ್ಲಿ ನಮ್ಮವರೇ ಅವರನ್ನು ಕೊಂದರೂ ಕೊಂದಾರು. ತನ್ನವರ ಕುಂದನ್ನು ತನ್ನ ಗುರುಪೀಠದ ಮುಂದೆಯೇ ಹೀಗೆ ಹೇಳುವವನ ಮಾತಿನಲ್ಲಿ ನಂಬಿಕೆ ಹುಟ್ಟುತ್ತದೆ. ಮಂಗೋಲರ ಕ್ರೌರ್ಯವನ್ನು ಅವನು ಕಟುವಾಗಿ ಬರೆದ. ಆದರೆ ಅವರಲ್ಲಿ ತಮ್ಮತಮ್ಮೊಳಗೆ ಕಳ್ಳತನ, ಕಾದಾಟಗಳು ಇಲ್ಲವೆನ್ನುವಷ್ಟು ಕಡಿಮೆ, ಹಸಿವನ್ನು ದೂರಿಲ್ಲದೆ ತಾಳಿಕೊಳ್ಳುತ್ತಾರೆ, ಇದ್ದಷ್ಟು ಊಟವನ್ನು ಹಂಚಿ ತಿನ್ನುತ್ತಾರೆ ಎಂದೂ ಬರೆದ. ಅವನಿಗೂ ಎಡವಟ್ಟುಗಳಾಗಿವೆ. ನಾಯಿಮುಖದ ಜನರ ಕಥೆಯನ್ನು ಯಾರೋ ಹೇಳಿದ್ದನ್ನು ಕೇಳಿ ಹಾಗೆಯೇ ಸೇರಿಸಿಬಿಟ್ಟಿದ್ದಾನೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಗೆ ಹೆಚ್ಚು ಹೊಂದುವವನು ವಿಲಿಯಮ್ ರೂಬ್ರುಕ್. ಫ್ಲಾಂಡರ್ಸ್ ನಾಡಿನ ಈ ಫ್ರಾನ್ಸಿಸ್ಕನ್, ಫ್ರಾನ್ಸಿನ ಒಂಬತ್ತನೆಯ ಲೂಯಿಯ ಪತ್ರ ಹಿಡಿದು 1253ರ ಮೇ ತಿಂಗಳಲ್ಲಿ ಕಾನ್‌ಸ್ಟಾಂಟಿನೋಪಲಿನಿಂದ ಹೊರಟು, ಆ ವರ್ಷದ ಕೊನೆಯ ವಾರದಲ್ಲಿ ಗೂಯುಕ್‌ನ ಬಳಿಕ ಮಹಾಖಾನನಾಗಿದ್ದ ಮೋಂಗ್ಕೆಯ ಬಿಡಾರ ತಲುಪಿದ. ಹಳೆಯ ಲ್ಯಾಟಿನ್ ಗ್ರಂಥಗಳಲ್ಲಿ ಬರುವ ವಿಕಾರರೂಪದ ಮನುಷ್ಯರ ಬಗ್ಗೆ ಅವನು ಅಲ್ಲಿ ವಿಚಾರಿಸಿದ. ಅಂಥವರನ್ನು ತಾವು ಕಂಡೇ ಇಲ್ಲವೆಂದು ಅಲ್ಲಿಯವರು ಹೇಳಿದಾಗ, ಹಾಗಾದರೆ ಆ ಕಥೆಗಳು ನಿಜವೋ ಎಂಬ ತನ್ನ ಸಂಶಯವನ್ನು ಬರೆದಿಟ್ಟ. ಕ್ಯಾಸ್ಪಿಯನ್ ಸಮುದ್ರ ಮಹಾಸಾಗರದ ಕೊಲ್ಲಿಯೆಂದು ಪ್ರಾಚೀನ ಪಂಡಿತರು ಹೇಳಿದ್ದರು. ಅದರ ಸುತ್ತಲೂ ನೆಲವೇ ಇದೆಯೆಂದು ಇವನು ತಿದ್ದಿದ. ಚೀನಿಯರು ಕುಂಚದಿಂದ ಬರೆಯುವುದನ್ನೂ, ಅಂಗೈಯಗಲದ ಕಾಗದದ ಮೇಲೆ ಖಾನನ ಮುದ್ರೆಯಿದ್ದರೆ ಅದೇ ಹಣವಾಗಿ ನಡೆಯುವುದನ್ನೂ ಬರೆದ. ಒಬ್ಬ ಶ್ರೀಮಂತನ ಡೇರೆಯನ್ನು ಹೊತ್ತ ಗಾಡಿಯ ಗಾಲಿಗಳ ನಡುವಿನ ಅಗಲವನ್ನು ಸ್ವತಃ ಅಳೆದ: 20 ಅಡಿ. ಅದನ್ನು ಎಳೆಯುತ್ತಿದ್ದ ಎತ್ತುಗಳು 22, ಅಚ್ಚು ಹಡಗಿನ ಕೂವೆಮರದಷ್ಟು ದಪ್ಪ. ಮೊದಲ ಸಲ ಕುದುರೆಯ ಹಾಲಿನ ಕುಮಿಸ್ ಕುಡಿದಾಗ ಗಾಬರಿಯಿಂದ ಮೈಯೆಲ್ಲ ಬೆವೆತದ್ದನ್ನೂ, ಆಮೇಲೆ ಬಾಯಲ್ಲಿ ಬಾದಾಮಿ ಹಾಲಿನ ರುಚಿ ಉಳಿಯುತ್ತದೆ ಎಂಬುದನ್ನೂ ಬರೆಯಲು ಮರೆಯಲಿಲ್ಲ.

ಕಾರಕೋರಂ ನಗರ ಎಂದರೆ ಲೋಕದ ಭಂಡಾರವೆಲ್ಲ ತುಂಬಿದ ಮಹಾಪಟ್ಟಣವೆಂದು ನಾವು ಊಹಿಸುತ್ತೇವೆ. ಖಾನನ ಅರಮನೆಯನ್ನು ಬಿಟ್ಟರೆ ಅದು ಪ್ಯಾರಿಸ್ ಬಳಿಯ ಸಾಂ ದೆನಿ ಎಂಬ ಊರಿನಷ್ಟೂ ಇಲ್ಲವೆಂದು ರೂಬ್ರುಕ್ ಹೇಳುತ್ತಾನೆ. ಮಣ್ಣಿನ ಕೋಟೆ, ನಾಲ್ಕು ಬಾಗಿಲು, ಪೇಟೆ ಇರುವ ಮುಸ್ಲಿಮರ ಕೇರಿ, ಕುಶಲಕರ್ಮಿಗಳೇ ತುಂಬಿರುವ ಚೀನಿಯರ ಕೇರಿ, ಬೇರೆ ಬೇರೆ ಜನಾಂಗದವರ 12 ವಿಗ್ರಹ ಮಂದಿರಗಳು, ಎರಡು ಮಸೀದಿ, ಒಂದು ಚರ್ಚು. ಅರಮನೆಯ ಬಾಗಿಲಲ್ಲಿ ಪ್ಯಾರಿಸಿನ ಅಕ್ಕಸಾಲಿ ಗಿಯೋಮ್ ಬೂಷೆ ಬೆಳ್ಳಿಯ ಮರವೊಂದನ್ನು ಮಾಡಿ ನಿಲ್ಲಿಸಿದ್ದ. ಅದರ ಕೊಳವೆಗಳಿಂದ ದ್ರಾಕ್ಷಾರಸ, ಸೋಸಿದ ಕುಮಿಸ್, ಜೇನಿನ ಮದ್ಯ, ಅಕ್ಕಿಯ ಮದ್ಯ ಸುರಿಯುತ್ತಿದ್ದವು. ಮರದ ತುದಿಯಲ್ಲಿ ಕಹಳೆ ಹಿಡಿದ ದೇವದೂತ. ಬುಡದ ಗವಿಯಲ್ಲಿ ಅಡಗಿ ಕುಳಿತ ಮನುಷ್ಯನೊಬ್ಬ ಊದಿದಾಗ ಆ ಕಹಳೆ ಮೊಳಗುತ್ತಿತ್ತು. ಈ ಬೂಷೆ ಹಂಗೇರಿಯ ಯುದ್ಧದಲ್ಲಿ ಸೆರೆಸಿಕ್ಕು ಬಂದವನು. ಹಾಗೆಯೇ ಸೆರೆಸಿಕ್ಕಿದ್ದ ಮೆಟ್ಸ್ ಊರಿನ ಪಾಕೆಟ್ ಎಂಬ ಹೆಂಗಸು ರಷ್ಯದ ಬಡಗಿಯೊಬ್ಬನನ್ನು ಮದುವೆಯಾಗಿ ಮೂರು ಮಕ್ಕಳೊಂದಿಗೆ ಅಲ್ಲಿ ಸಂಸಾರ ಹೂಡಿದ್ದಳು. ತನ್ನ ಭಾಷೆಯಾಡುವ ಸಂನ್ಯಾಸಿಯನ್ನು ಕಂಡು ಸಂಭ್ರಮದಿಂದ ಅಡುಗೆ ಮಾಡಿ ಬಡಿಸಿದಳು. ಬಹುಮಟ್ಟಿಗೆ ರಾಜರು, ಸೇನಾಪತಿಗಳಿಗಷ್ಟೇ ಜಾಗ ಕೊಡುತ್ತಿದ್ದ ಆ ಕಾಲದ ಇತಿಹಾಸದಲ್ಲಿ ಇಂಥ ಹೆಂಗಸಿನ ಹೆಸರು ಉಳಿದದ್ದು ರೂಬ್ರುಕ್ ಬರೆದಿಟ್ಟದ್ದರಿಂದ. ಪೋಲೋನಲ್ಲಿ ಇದು ನನಗೆ ಸಿಗುವುದಿಲ್ಲ.

1254ರ ಮೇ 30ರಂದು ಮೋಂಗ್ಕೆಯ ಆಜ್ಞೆಯಂತೆ ನಡೆದ ಧರ್ಮಚರ್ಚೆಯನ್ನು ಇಲ್ಲಿ ಹೇಳಲೇಬೇಕು. ರೂಬ್ರುಕ್, ನೆಸ್ಟೋರಿಯನ್ ಎಂಬ ಪೂರ್ವದೇಶದ ಪಂಗಡದ ಕ್ರೈಸ್ತರು, ಮುಸ್ಲಿಮರು, ಬೌದ್ಧರು ಸಭೆ ಸೇರಿದ್ದರು. ತೀರ್ಪುಗಾರರಾಗಿ ಕೂತವರು ಖಾನನ ಮೂವರು ಬರಹಗಾರರು, ಒಂದೊಂದು ಮತದಿಂದ ಒಬ್ಬೊಬ್ಬರು. ಯಾರೂ ಯಾರನ್ನೂ ಹೀಯಾಳಿಸುವ, ಕೆರಳಿಸುವ ಮಾತಾಡಬಾರದು, ಆಡಿದರೆ ಮರಣದಂಡನೆ ಎಂದು ಆರಂಭದಲ್ಲೇ ಸಾರಲಾಯಿತು. ಚರ್ಚೆಯಲ್ಲಿ ತಾನು ಚೆನ್ನಾಗಿ ವಾದಿಸಿದೆನೆಂದೇ ರೂಬ್ರುಕ್ ಭಾವಿಸಿದ್ದ. ಆದರೂ ಕೊನೆಗೆ ಒಬ್ಬನೂ ಎದ್ದು ನಾನು ಕ್ರೈಸ್ತನಾಗುತ್ತೇನೆ ಎನ್ನಲಿಲ್ಲವೆಂದೂ, ಎಲ್ಲರೂ ಸೇರಿ ಯಥೇಚ್ಛವಾಗಿ ಕುಡಿದರೆಂದೂ ಬರೆದಿದ್ದಾನೆ. ಮರುದಿನ ಮೋಂಗ್ಕೆ ಅವನನ್ನು ಕರೆಸಿ, ದೇವರು ಕೈಗೆ ಬೇರೆ ಬೇರೆ ಬೆರಳುಗಳನ್ನು ಕೊಟ್ಟಂತೆ ಮನುಷ್ಯರಿಗೆ ಬೇರೆ ಬೇರೆ ದಾರಿಗಳನ್ನು ಕೊಟ್ಟಿದ್ದಾನೆ ಎಂದ. ಈ ಮಾತನ್ನು ಬಹಳ ಜನ ಉಲ್ಲೇಖಿಸುತ್ತಾರೆ. ಖಾನ ಮುಂದೆ ಹೇಳಿದ್ದನ್ನು ಮಾತ್ರ ಬಿಟ್ಟುಬಿಡುತ್ತಾರೆ: ನಿಮಗೆ ದೇವರು ಗ್ರಂಥ ಕೊಟ್ಟ, ನೀವು ಅದರಂತೆ ನಡೆಯುವುದಿಲ್ಲ, ನಮಗೆ ಕಣಿ ಹೇಳುವವರನ್ನು ಕೊಟ್ಟ, ನಾವು ಅವರು ಹೇಳಿದಂತೆ ನಡೆದು ನೆಮ್ಮದಿಯಿಂದಿದ್ದೇವೆ. ತನ್ನ ಧರ್ಮದ ಮೇಲೆ ಬಂದ ಈ ಟೀಕೆಯನ್ನು ರೂಬ್ರುಕ್ ತನ್ನ ರಾಜನಿಗೆ ಬರೆದ ವರದಿಯಲ್ಲಿ ಬಚ್ಚಿಡಲಿಲ್ಲ. ತಾನು ಅಲ್ಲಿ ದೀಕ್ಷಾಸ್ನಾನ ಕೊಟ್ಟದ್ದು ಒಟ್ಟು ಆರು ಮಂದಿಗೆ ಎಂಬ ಲೆಕ್ಕವನ್ನೂ ಹಿಗ್ಗಿಸಲಿಲ್ಲ. ಹಾಗೆಂದು ಮೋಂಗ್ಕೆಯನ್ನು ಇಂದಿನ ಅರ್ಥದ ಸಹಿಷ್ಣು ದೊರೆಯೆಂದು ಕೊಂಡಾಡುವುದೂ ಸಲ್ಲ. ಅವನ ತಮ್ಮ ಹುಲಗು ಅವನದೇ ಅಪ್ಪಣೆಯ ಮೇಲೆ ಹೊರಟು 1258ರಲ್ಲಿ ಬಾಗ್ದಾದನ್ನು ಸೂರೆಮಾಡಿ, ಖಲೀಫನನ್ನು ಕೊಂದ. ನಮ್ಮ ಸೋಮನಾಥಪುರದಲ್ಲಿ ಕೇಶವ ದೇವಾಲಯ ತಲೆಯೆತ್ತಿದ ವರ್ಷವೂ ಅದೇ.

ಆ ಆಸ್ಥಾನದಲ್ಲಿ ರೂಬ್ರುಕ್ ಭಾರತದ ಯಾವುದೋ ಸುಲ್ತಾನನ ರಾಯಭಾರಿಯನ್ನೂ ಕಂಡಿದ್ದ. ಆ ರಾಯಭಾರಿ ಕಾಣಿಕೆಯಾಗಿ ಎಂಟು ಚಿರತೆಗಳನ್ನೂ, ಕುದುರೆಯ ಬೆನ್ನ ಮೇಲೆ ಕೂರಲು ಕಲಿಸಿದ ಹತ್ತು ಬೇಟೆನಾಯಿಗಳನ್ನೂ ತಂದಿದ್ದ. ಭಾರತ ಯಾವ ದಿಕ್ಕಿಗಿದೆ ಎಂದು ಕೇಳಿದಾಗ ಪಶ್ಚಿಮಕ್ಕೆ ಕೈ ತೋರಿಸಿದರಂತೆ. ಹಿಂದಿರುಗುವಾಗ ಆ ಭಾರತೀಯರು ಸುಮಾರು ಮೂರು ವಾರ ಅವನ ಜೊತೆಗೇ ಪಶ್ಚಿಮಕ್ಕೆ ಪ್ರಯಾಣ ಮಾಡಿದರು. ಮಂಗೋಲರೆಂದರೆ ಸಿಂಧೂ ದಾಟಿ ದಾಳಿಯಿಟ್ಟವರು, ಅಲಾವುದ್ದೀನ್ ಖಿಲ್ಜಿ ತಡೆದು ನಿಲ್ಲಿಸಿದವರು ಎಂದಷ್ಟೇ ನಮ್ಮ ಮಕ್ಕಳು ಕಲಿಯುತ್ತಾರೆ. ಖಾನನ ಬಾಗಿಲಲ್ಲಿ ನಮ್ಮವರೂ ಕಾಯುತ್ತಿದ್ದರು ಎಂಬುದು ಅವರಿಗೆ ಗೊತ್ತಾಗುವುದು ಇಂಥ ಬರಹಗಳಿಂದ.

ಇನ್ನು ನಮ್ಮ ಕರಾವಳಿಯ ಮಾತಿಗೆ ಬರುತ್ತೇನೆ. ಮುಂದಿನ ತಲೆಮಾರಿನ ಸಂನ್ಯಾಸಿಗಳು ಚೀನಾಕ್ಕೆ ಹೋಗಲು ಭಾರತದ ದಾರಿ ಹಿಡಿದದ್ದೇಕೆ ಎಂಬುದಕ್ಕೆ ಜಿಯೊವಾನಿ ಮೊಂತೆಕೊರ್ವಿನೊ 1305ರಲ್ಲಿ ಖಾನ್‌ಬಾಲಿಕ್‌ನಿಂದ, ಅಂದರೆ ಇಂದಿನ ಬೀಜಿಂಗಿನಿಂದ, ಬರೆದ ಪತ್ರದಲ್ಲಿ ಉತ್ತರವಿದೆ. ನೆಲದ ದಾರಿ ಹತ್ತಿರದ್ದು, ಐದಾರು ತಿಂಗಳಲ್ಲಿ ಮುಗಿಯುವಂಥದ್ದು. ಆದರೆ ಮಂಗೋಲ್ ಖಾನರ ನಡುವಿನ ಯುದ್ಧಗಳಿಂದ ಬಹುಕಾಲ ಅದು ಮುಚ್ಚಿಹೋಗಿತ್ತು. ಸಮುದ್ರದ ದಾರಿ ದೂರದ್ದು, ಅಪಾಯದ್ದು, ಆದರೂ ತೆರೆದಿತ್ತು. ಮೊಂತೆಕೊರ್ವಿನೊ ಸ್ವತಃ 1291ರಲ್ಲಿ ತಬ್ರೀಜ್ ಬಿಟ್ಟು, ಭಾರತಕ್ಕೆ ಬಂದು, ಸಂತ ತೋಮನ ಚರ್ಚಿನ ಸೀಮೆಯಲ್ಲಿ 13 ತಿಂಗಳು ಇದ್ದು, ಜೊತೆಯಲ್ಲಿದ್ದ ಪಿಸ್ತೋಯಾದ ನಿಕೊಲಾಸ್‌ನನ್ನು ಇಲ್ಲೇ ಮಣ್ಣುಮಾಡಿ ಮುಂದೆ ಹೋದವನು. ಖಾನ್‌ಬಾಲಿಕ್‌ನಲ್ಲಿ ಚರ್ಚು ಕಟ್ಟಿ, ಅದಕ್ಕೆ ಮೂರು ಘಂಟೆಗಳನ್ನು ತೂಗುಹಾಕಿ, ಹಲವು ಹುಡುಗರನ್ನು ಹಣಕೊಟ್ಟು ಕೊಂಡು ಲ್ಯಾಟಿನ್ ಕಲಿಸಿದ. ಹುಡುಗರನ್ನು ಕೊಂಡ ಈ ಸಂಗತಿಯನ್ನು ಓದುವಾಗ ಇಂದಿನ ಮನಸ್ಸಿಗೆ ನೋವಾಗುತ್ತದೆ, ಆಗಬೇಕಾದದ್ದೇ. ಪೋಪರು 1307ರಲ್ಲಿ ಅವನನ್ನು ಆರ್ಚ್‌ಬಿಷಪ್ ಮಾಡಿ, ಸಹಾಯಕ್ಕೆ ಏಳು ಬಿಷಪ್ಪರನ್ನು ನೇಮಿಸಿದರೆ ಅಲ್ಲಿಗೆ ಮುಟ್ಟಿದವರು ಮೂವರು.

1321ರಲ್ಲಿ ಇದೇ ದಾರಿಯಲ್ಲಿ ನಾಲ್ವರು ಫ್ರಾನ್ಸಿಸ್ಕನ್ನರು ಹೊರಟರು. ಹಿಂದೆ ಮೊಂತೆಕೊರ್ವಿನೊನ ಪತ್ರಗಳನ್ನು ಪೋಪರಿಗೆ ಮುಟ್ಟಿಸಿದ್ದ ತೊಲೆಂತಿನೊದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್, ಹಾಗೂ ಹಲವು ಭಾಷೆ ಬಲ್ಲ ತಿಫ್ಲಿಸ್‌ನ ದೆಮೆತ್ರಿಯುಸ್. ಜೊತೆಗೆ ಡೊಮಿನಿಕನ್ನನಾದ ಜೋರ್ದಾನುಸ್. ಪರ್ಷಿಯನ್ ಕೊಲ್ಲಿಯ ಹೊರ್ಮುಜ್ ಬಂದರಿನಲ್ಲಿ ಕೊಲ್ಲಂಗೆಂದು ಹಡಗು ಗೊತ್ತುಮಾಡಿಕೊಂಡಿದ್ದರು. ಹಡಗು ಅವರ ಇಷ್ಟಕ್ಕೆ ವಿರುದ್ಧವಾಗಿ ಅವರನ್ನು ಥಾಣೆಗೆ ತಂದಿತು. ಹಿಂದೆ ಶಿಲಾಹಾರರ ರಾಜಧಾನಿಯಾಗಿದ್ದ ಊರು ಆಗ ದಿಲ್ಲಿ ಸುಲ್ತಾನರ ಅಧೀನದಲ್ಲಿತ್ತು. ಊರಿನಲ್ಲಿ ನೆಸ್ಟೋರಿಯನ್ ಕ್ರೈಸ್ತರ 15 ಮನೆಗಳಿದ್ದವು. ಜೋರ್ದಾನುಸ್ ಗುಜರಾತಿನ ಕಡೆಗೆ ಹೋಗಿದ್ದಾಗ ಉಳಿದ ನಾಲ್ವರು ಅಂಥದೊಂದು ಮನೆಯಲ್ಲಿ ಇಳಿದುಕೊಂಡಿದ್ದರು. ಒಂದು ರಾತ್ರಿ ಆ ಮನೆಯ ಗಂಡ ಹೆಂಡತಿಗೆ ಜಗಳವಾಗಿ, ಗಂಡ ಹೆಂಡತಿಯನ್ನು ಹೊಡೆದ. ಅವಳು ಖಾಜಿಯ ಬಳಿ ದೂರು ಕೊಟ್ಟಳು. ಸಾಕ್ಷಿ ಯಾರೆಂದು ಕೇಳಿದಾಗ ಮನೆಯಲ್ಲಿದ್ದ ಪರದೇಶಿ ಸಂನ್ಯಾಸಿಗಳ ಹೆಸರು ಹೇಳಿದಳು. ಸಾಮಾನಿನ ಕಾವಲಿಗೆ ಪೀಟರನನ್ನು ಬಿಟ್ಟು ಮೂವರು ಹೋದರು. ಹೊಡೆತದ ವಿಚಾರಣೆ ಹಿಂದೆ ಬಿದ್ದು ಧರ್ಮದ ವಾದ ಶುರುವಾಯಿತು. ಪ್ರವಾದಿಯ ಬಗ್ಗೆ ಒತ್ತಾಯಿಸಿ ಕೇಳಿದ ಪ್ರಶ್ನೆಗೆ ಥಾಮಸ್ ಕಟುವಾದ ಉತ್ತರ ಕೊಟ್ಟ. ಊರಿನ ಅಧಿಕಾರಿ ಮೊದಲು ಅವರನ್ನು ಖಾಡಿಯ ಆಚೆಗೆ ದಾಟಿಸಿ ಕಳಿಸಿದನಾದರೂ, ಖಾಜಿಯ ಒತ್ತಾಯಕ್ಕೆ ಮಣಿದು ರಾತ್ರಿ ಆಳುಗಳನ್ನು ಅಟ್ಟಿ ಮೂವರನ್ನೂ ಕೊಲ್ಲಿಸಿದ. ಅನಂತರ ಪೀಟರನನ್ನೂ ಹಿಂಸಿಸಿ ಕೊಂದರು. ಸುದ್ದಿ ತಿಳಿದು ಮರಳಿದ ಜೋರ್ದಾನುಸ್, ಜಿನೋವಾದ ಯುವಕನೊಬ್ಬನ ನೆರವಿನಿಂದ ಶವಗಳನ್ನು ಸೋಪಾರಾಕ್ಕೆ ಒಯ್ದು ಹೂಳಿದ. ಅಶೋಕನ ಶಾಸನದ ತುಣುಕು ಸಿಕ್ಕಿದ, ನಮ್ಮ ವಿರಾರ್ ಲೋಕಲ್ ನಿತ್ಯ ನಿಂತು ಹೋಗುವ ಸೋಪಾರಾ ಅದೇ.

ಕೆಲಕಾಲದ ಮೇಲೆ ಪೊರ್ದೆನೋನೆಯ ಓದೊರಿಕ್ ಬಂದ. ಕಬ್ಬಿಣದ ಮೊಳೆಯೇ ಇಲ್ಲದ, ಹಗ್ಗದಿಂದ ಹೊಲಿದ ಹಡಗಿನಲ್ಲಿ ಹೊರ್ಮುಜ್‌ನಿಂದ 28 ದಿನ ಪ್ರಯಾಣ ಮಾಡಿ ಥಾಣೆಗೆ ಇಳಿದವನು. ಇಲ್ಲಿಯ ಬಾವಲಿಗಳು ಪಾರಿವಾಳದಷ್ಟಿವೆ, ಹೆಗ್ಗಣಗಳು ನಾಯಿಯಷ್ಟಿವೆ, ಅವುಗಳ ಮುಂದೆ ಬೆಕ್ಕುಗಳಿಂದ ಏನೂ ಆಗದು, ನಾಯಿಗಳೇ ಹಿಡಿಯಬೇಕು ಎಂದು ಬರೆದ. ಮಳೆಗಾಲದಲ್ಲಿ ಈ ಊರಿನ ಹಳೆಯ ಪೇಟೆಯನ್ನು ಕಂಡವರು ಆ ಮಾತನ್ನು ತೀರಾ ತಳ್ಳಿಹಾಕಲಾರರು. ಸತ್ತ ಸಂನ್ಯಾಸಿಗಳ ಎಲುಬುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಕೊಲ್ಲಂ, ಸಿಂಹಳ, ಸುಮಾತ್ರಾಗಳನ್ನು ದಾಟಿ, ಚೀನಾದ ಜೈತೂನ್ ಬಂದರಿನ ಫ್ರಾನ್ಸಿಸ್ಕನ್ ಮಠಕ್ಕೆ ಒಪ್ಪಿಸಿದ. ಆಮೇಲೆ ಖಾನ್‌ಬಾಲಿಕ್‌ನಲ್ಲಿ ಮೂರು ವರ್ಷ ಇದ್ದು, ಊರಿಗೆ ಮರಳಿ, 1330ರಲ್ಲಿ ಪಾದುವಾದಲ್ಲಿ ತನ್ನ ಕಥೆಯನ್ನು ಹೇಳಿ ಬರೆಸಿ, ಮರುವರ್ಷದ ಜನವರಿಯಲ್ಲಿ ತೀರಿಕೊಂಡ. ಅವನ ಬರಹದಲ್ಲಿ ಪವಾಡಗಳ ಭಾಗ ಬಹಳ. ಕೊಲೆಯನ್ನು ಅವನು ಕಂಡವನಲ್ಲ, ಕೇಳಿದವನು. ಓದುವಾಗ ಇದನ್ನು ಮರೆಯಬಾರದು.

ಥಾಣೆಯ ಈ ಘಟನೆಯನ್ನು ಬರೆಯುವಾಗ ನನ್ನೊಳಗೊಂದು ಅಳುಕೂ ಇದೆ. ಒಂದು ಸಮುದಾಯದ ಕಡೆಗೆ ಬೆರಳು ತೋರಿಸಲು ಇಂಥ ಹಳೆಯ ಸಾವುಗಳನ್ನು ಎತ್ತಿಕೊಳ್ಳುವವರು ಇಂದು ಕಡಿಮೆಯಿಲ್ಲ. ಅದಕ್ಕಾಗಿಯೇ ಬರಹವನ್ನು ಪೂರ್ತಿ ಓದಬೇಕೆನ್ನುತ್ತೇನೆ. ಸಂನ್ಯಾಸಿಗಳನ್ನು ಕೊಲ್ಲಿಸಿದ ಅಧಿಕಾರಿಯನ್ನು ದಿಲ್ಲಿಯ ಸುಲ್ತಾನ ಕಟ್ಟಿ ತರಿಸಿ ಮರಣದಂಡನೆ ವಿಧಿಸಿದನೆಂದು ಅದೇ ಓದೊರಿಕ್ ಬರೆದಿದ್ದಾನೆ. ನೆಸ್ಟೋರಿಯನ್ನರ 15 ಮನೆಗಳು ಅದೇ ಊರಿನಲ್ಲಿ ಇದ್ದೇ ಇದ್ದವು. ಆ ನೆಸ್ಟೋರಿಯನ್ನರನ್ನು ಪಾಷಂಡಿಗಳೆಂದು ಜರೆದವನೂ ಓದೊರಿಕ್‌ನೇ. ಒಡನಾಡಿಗಳನ್ನು ಕಳೆದುಕೊಂಡು ಒಬ್ಬನೇ ಉಳಿದ ಜೋರ್ದಾನುಸ್ ಈ ನಾಡಿನ ಮೇಲೆ ಹಗೆ ಸಾಧಿಸಲಿಲ್ಲ. ಇಲ್ಲಿಯ ಜನ ಊಟದಲ್ಲಿ ಶುಚಿ, ಮಾತಿನಲ್ಲಿ ಸತ್ಯ, ನ್ಯಾಯದಲ್ಲಿ ಎತ್ತರ ಎಂದು ಬರೆದ. ಐದು ಮಂದಿಗೆ ಸಾಲುವ ಹಲಸಿನ ಹಣ್ಣನ್ನು, ಮಾವನ್ನು, ತೆಂಗನ್ನು ಬಣ್ಣಿಸಿದ. ಸತ್ತವರನ್ನು ಹೂಳದೆ, ಸುಡದೆ, ಚಾವಣಿಯಿಲ್ಲದ ಗೋಪುರದಲ್ಲಿಟ್ಟು ಹಕ್ಕಿಗಳಿಗೆ ಬಿಡುವ ಪಾರಸಿಗಳನ್ನು ಗಮನಿಸಿದ. 1329ರಲ್ಲಿ ಅವನನ್ನು ಕೊಲ್ಲಂನ ಬಿಷಪ್ ಆಗಿ ನೇಮಿಸಲಾಯಿತು.

ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ಪಾಯಸ್, ನೂನಿಜರ ಮಾತುಗಳನ್ನು ನಾವು ಕನ್ನಡಿಗರು ಭಾಷಣ ಭಾಷಣದಲ್ಲೂ ಉದ್ಧರಿಸುತ್ತೇವೆ. ಅವರು ನಮ್ಮನ್ನು ಹೊಗಳಿದರು ಎಂಬುದೇ ಅದಕ್ಕೆ ಮುಖ್ಯ ಕಾರಣವೆಂಬುದು ನನ್ನ ಅನಿಸಿಕೆ. ರಜಾಕನಿಗಿಂತ 120 ವರ್ಷ ಮೊದಲು ಈ ಕರಾವಳಿಗೆ ಬಂದವರನ್ನು, ಅವರು ಮುಖ್ಯವಾಗಿ ಬೇರೊಂದು ಸಾಮ್ರಾಜ್ಯದ ಕಡೆಗೆ ಹೊರಟಿದ್ದರೆಂಬ ಕಾರಣಕ್ಕೆ, ನಾವು ಕೈಬಿಟ್ಟಿದ್ದೇವೆ. ರಾತ್ರಿಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದಾಗ, ಹಗಲು ಹೋಟೆಲುಗಳಲ್ಲಿ ದುಡಿದು ಬಂದು ನಿದ್ದೆಗಣ್ಣಿನಲ್ಲಿ ಕೂರುತ್ತಿದ್ದ ಹುಡುಗರು ಗೂಯುಕನ ಪತ್ರದ ಮಾತು ಬಂದರೆ ತಟ್ಟನೆ ತಲೆಯೆತ್ತುತ್ತಿದ್ದರು. ಆ ದೂತರು ದಾರಿಯಲ್ಲಿ ಏನು ತಿಂದರು, ಖಾನ ನಗುತ್ತಿದ್ದನೇ ಎಂದೆಲ್ಲ ಕೇಳುತ್ತಿದ್ದರು. ಖಾನ ನಗುವುದು ಬಹಳ ಅಪರೂಪವೆಂದು ಕಾರ್ಪಿನಿ ಬರೆದಿದ್ದಾನೆ. ಆದರೆ ಹೋಗಿ ಓದಿಕೊಳ್ಳಿ ಎಂದು ಅವರ ಕೈಗೆ ಕೊಡಲು ಕನ್ನಡದಲ್ಲಿ ನನ್ನ ಬಳಿ ಏನೂ ಇರಲಿಲ್ಲ. ಓದೊರಿಕ್ ಮತ್ತು ಜೋರ್ದಾನುಸರ ಬರಹಗಳನ್ನು ಹೆನ್ರಿ ಯೂಲ್ 1860ರ ದಶಕದಲ್ಲೇ ಇಂಗ್ಲಿಷಿಗೆ ತಂದಿದ್ದಾನೆ. ಅವನ್ನು ಕನ್ನಡಕ್ಕೆ ತರಲು ಹಕ್ಕುಸ್ವಾಮ್ಯದ ಅಡ್ಡಿಯೂ ಇಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಪುರವಣಿಯಲ್ಲಿ ವಾರಕ್ಕೆ ಅರ್ಧ ಪುಟದಂತೆ, ಮೊದಲು ಓದೊರಿಕ್ ಮತ್ತು ಜೋರ್ದಾನುಸರ ಥಾಣೆಯ ಭಾಗಗಳನ್ನು, ಬಳಿಕ ರೂಬ್ರುಕ್‌ನ ಕಾರಕೋರಂ ಭಾಗವನ್ನು, ಕೊನೆಗೆ ಕಾರ್ಪಿನಿಯ ವರದಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಪವಾಡದ ಕಥೆಗಳನ್ನಾಗಲಿ, ಅನ್ಯಮತದವರ ಬಗೆಗಿನ ಒರಟು ಮಾತುಗಳನ್ನಾಗಲಿ ತೆಗೆದುಹಾಕದೆ, ಎಲ್ಲಿ ಕಂಡದ್ದು, ಎಲ್ಲಿ ಕೇಳಿದ್ದು ಎಂಬುದನ್ನು ಅಡಿಟಿಪ್ಪಣಿಯಲ್ಲಿ ತಿಳಿಸಬೇಕು. ಲ್ಯಾಟಿನ್ ಮೂಲದೊಂದಿಗೆ ಹೋಲಿಸಿ ನೋಡುವ ಕೆಲಸಕ್ಕೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದವರೂ, ವಸಯಿ, ಗೋವಾ ಕಡೆಗಳಲ್ಲಿ ಲ್ಯಾಟಿನ್ ಬಲ್ಲ ಪಾದ್ರಿಗಳೂ ನೆರವಾಗಬಲ್ಲರೆಂದು ನನ್ನ ನಂಬಿಕೆ. ಓದೊರಿಕ್‌ನ ಥಾಣೆಯ ಅಧ್ಯಾಯವನ್ನೂ, 1254ರ ಧರ್ಮಚರ್ಚೆಯ ಭಾಗವನ್ನೂ ಇಂಗ್ಲಿಷ್ ಅನುವಾದಗಳ ನೆರವಿನಿಂದ ನಾನು ಕನ್ನಡಕ್ಕೆ ಇಳಿಸಿಟ್ಟಿದ್ದೇನೆ. ಬಲ್ಲವರು ತಿದ್ದಲು ಒಪ್ಪಿದರೆ ಆ ಹಸ್ತಪ್ರತಿಯನ್ನು ಯಾವ ಸಂಭಾವನೆಯೂ ಇಲ್ಲದೆ ತಮ್ಮ ಕಚೇರಿಗೆ ತಂದು ಒಪ್ಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕ,
ಥಾಣೆ ಪಶ್ಚಿಮ